ಕೋಳಿಮರಿಗಳಲ್ಲಿ ಹುಂಜ, ಹೇಂಟೆಗಳ ಗುರುತು

ಮೊಟ್ಟೆಯೊಡೆದು ಹೊರಬಂದ ಕೋಳಿಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ಎಲ್ಲಕ್ಕೂ ಒಂದೇ ಬಗೆಯ ತುಪ್ಪಳ, ಒಂದೇ ಗಾತ್ರ, ಒಂದೇ ದನಿ. ಹುಂಜ ಗಟ್ಟಿಯಾಗಿ ಕೂಗುವವರೆಗೆ, ಹೇಂಟೆ ಮೊದಲ ಮೊಟ್ಟೆಯಿಡುವವರೆಗೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಈ ನಡುವೆ ಜುಟ್ಟು, ಗರಿ, ಕಾಲು, ನಿಲುವು, ನಡತೆಗಳಲ್ಲಿ ವ್ಯತ್ಯಾಸಗಳು ಒಂದೊಂದಾಗಿ ಮೂಡುತ್ತವೆ. ಅವನ್ನು ನೋಡಿ ಗಂಡು ಹೆಣ್ಣುಗಳನ್ನು ಬೇರ್ಪಡಿಸುವ ಬಗೆ ಈ ಲೇಖನದ ವಿಷಯ.

ಹಿತ್ತಲಲ್ಲಿ ನಾಟಿ ಕೋಳಿ ಸಾಕುವ ಮನೆಗೆ ಇದು ನೇರವಾಗಿ ಆದಾಯಕ್ಕೆ ಸಂಬಂಧಿಸಿದ ಮಾತು. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಆದರೆ ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತವೆ. ಹೆಚ್ಚಾದ ಹುಂಜಗಳನ್ನು ಹಬ್ಬಕ್ಕೋ ಜಾತ್ರೆಗೋ ಹರಕೆಗೋ ಮಾರುವುದು, ಹೇಂಟೆಗಳನ್ನು ಮೊಟ್ಟೆಗೆ ಮತ್ತು ಕಾವಿಗೆ ಉಳಿಸಿಕೊಳ್ಳುವುದು ಊರುಗಳಲ್ಲಿ ನಡೆದುಬಂದ ಲೆಕ್ಕಾಚಾರ. ಸಂತೆಯಲ್ಲಿ ಹೇಂಟೆಯೆಂದು ಕೊಂಡ ಎರಡು ತಿಂಗಳ ಮರಿ ಆಮೇಲೆ ಹುಂಜವಾದರೆ ಅಷ್ಟು ದಿನದ ಮೇವು, ಆರೈಕೆಗಳ ಉದ್ದೇಶವೇ ಕೆಡುತ್ತದೆ. ಈ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು: ಪ್ರತಿ ಲಕ್ಷಣಕ್ಕೂ ಅದರದೇ ಕಾಲವಿದೆ. ಎಂಟನೆಯ ವಾರದಲ್ಲಿ ಗಂಡೆಂದು ಸಾರುವ ಕೆಂಪು ಜುಟ್ಟು ಹದಿನೆಂಟನೆಯ ವಾರದಲ್ಲಿ ಮೊಟ್ಟೆಗೆ ಬಂದ ಹೇಂಟೆಯ ಲಕ್ಷಣವೂ ಆಗಿರಬಹುದು. ಆದ್ದರಿಂದ ಮರಿಯ ವಯಸ್ಸು ಗೊತ್ತಿಲ್ಲದೆ ಹೇಳುವ ಲಿಂಗ ಬರೀ ಊಹೆ.

ಲಿಂಗ ನಿರ್ಧಾರ

ಮನುಷ್ಯರಲ್ಲಿ ಮಗುವಿನ ಲಿಂಗ ತಂದೆಯ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ, ಕೋಳಿಯಲ್ಲಿ ತಾಯಿಯದರಿಂದ. ಹುಂಜದಲ್ಲಿ ಎರಡು ‘ಜೆಡ್’ ವರ್ಣತಂತುಗಳಿವೆ, ಹೇಂಟೆಯಲ್ಲಿ ಒಂದು ‘ಜೆಡ್’, ಇನ್ನೊಂದು ‘ಡಬ್ಲ್ಯು’. ಅಂಡಾಶಯದಿಂದ ಅಂಡ ಬಿಡುಗಡೆಯಾಗುವ ಹೊತ್ತಿಗೆ ಅದರಲ್ಲಿ ಉಳಿಯುವುದು ಜೆಡ್ಡೋ ಡಬ್ಲ್ಯುವೋ ಎಂಬುದು ಇತ್ಯರ್ಥವಾಗಿರುತ್ತದೆ. ಅಂದರೆ ಮೊಟ್ಟೆಯ ಚಿಪ್ಪು ಕಟ್ಟುವ ಮುಂಚೆಯೇ ಮರಿಯ ಲಿಂಗ ಗೊತ್ತಾದಂತೆ. ಕೆಲವು ಆಮೆ, ಮೊಸಳೆಗಳಲ್ಲಿ ಮೊಟ್ಟೆಗೆ ತಾಗುವ ಶಾಖದ ಮೇಲೆ ಲಿಂಗ ಬದಲಾಗುತ್ತದೆ. ಕೋಳಿಯ ಕಾವಿನ ಶಾಖವನ್ನು ಹೆಚ್ಚುಕಡಿಮೆ ಮಾಡಿ ಹೇಂಟೆಮರಿಗಳನ್ನು ಪಡೆಯಲು ಹಾಗೆ ಬರುವುದಿಲ್ಲ.

ಜೆಡ್ ವರ್ಣತಂತುವಿನಲ್ಲಿರುವ ಡಿಎಂಆರ್‌ಟಿ1 ಎಂಬ ಜೀನಿನ ಎರಡು ಪ್ರತಿಗಳಿದ್ದರೆ ಭ್ರೂಣದಲ್ಲಿ ವೃಷಣ ಬೆಳೆಯುತ್ತದೆ. ಈ ಜೀನಿನ ಪಾತ್ರ 2009ರ ಸಂಶೋಧನೆಯಿಂದ ಸ್ಪಷ್ಟವಾಯಿತು. ಹೆಣ್ಣುಭ್ರೂಣದಲ್ಲಿ ಎಡಗಡೆಯ ಅಂಡಾಶಯ, ಅಂಡನಾಳ ಮಾತ್ರ ಬೆಳೆದು ಬಲಗಡೆಯವು ಮುರುಟಿ ಉಳಿಯುತ್ತವೆ. ಈ ಎಲ್ಲ ವ್ಯವಸ್ಥೆ ಇಪ್ಪತ್ತೊಂದು ದಿನಗಳ ಕಾವಿನೊಳಗೇ ಮುಗಿದರೂ ಅದರ ಸುಳಿವು ಮೈಮೇಲೆ ಕಾಣಲು ವಾರಗಳು ಬೇಕು, ಏಕೆಂದರೆ ಹೊರಲಕ್ಷಣಗಳನ್ನು ಬೆಳೆಸುವುದು ವೃಷಣ, ಅಂಡಾಶಯಗಳು ಸ್ರವಿಸುವ ಹಾರ್ಮೋನುಗಳು.

ಇದನ್ನು ಮೊದಲು ತೋರಿಸಿಕೊಟ್ಟದ್ದೂ ಕೋಳಿಯೇ. ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಅಡಾಲ್ಫ್ ಬೆರ್ತೋಲ್ಡ್ 1849ರಲ್ಲಿ ಆರು ಎಳೆಯ ಹುಂಜಗಳ ಮೇಲೆ ಪ್ರಯೋಗ ಮಾಡಿದ. ವೃಷಣ ತೆಗೆದ ಹುಂಜಗಳ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಕಾದಾಡಲಿಲ್ಲ. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟಾಗ ಜುಟ್ಟು ಬೆಳೆಯಿತು, ಕೂಗೂ ಬಂತು. ನರಗಳ ಸಂಪರ್ಕ ಕಡಿದುಹೋದ ವೃಷಣವೂ ಕೆಲಸ ಮಾಡುವುದಾದರೆ ರಕ್ತದ ಮೂಲಕ ಏನೋ ಹರಿಯುತ್ತಿರಬೇಕು ಎಂದು ಬೆರ್ತೋಲ್ಡ್ ತರ್ಕಿಸಿದ. ಹಾರ್ಮೋನುಗಳ ವಿಜ್ಞಾನ ಆರಂಭವಾದದ್ದು ಈ ಪ್ರಯೋಗದಿಂದ ಎಂದು ಎಣಿಸುವುದುಂಟು.

ಗರಿಯ ವಿಷಯ ಇದಕ್ಕೆ ವಿರುದ್ಧ. ಹುಂಜದ ಮಿರುಗುವ ಚೂಪು ಗರಿಗಳಿಗೆ ಗಂಡು ಹಾರ್ಮೋನು ಬೇಕಿಲ್ಲ. ಹೆಣ್ಣು ಹಾರ್ಮೋನು ಈಸ್ಟ್ರೋಜೆನ್ ಇದ್ದರೆ ಗರಿ ಹೇಂಟೆಯದಾಗುತ್ತದೆ, ಇಲ್ಲದಿದ್ದರೆ ಹುಂಜದ್ದಾಗುತ್ತದೆ. ಬೀಜ ಒಡೆದ ಹುಂಜದ ಜುಟ್ಟು ಕುಗ್ಗಿ ಬಿಳಚಿಕೊಂಡರೂ ಬಾಲದ ಸೊಬಗು ಕುಂದುವುದಿಲ್ಲ. ಅಂಡಾಶಯ ತೆಗೆದ ಹೇಂಟೆಗೆ ಮುಂದಿನ ಗರಿ ಉದುರಿಕೆಯ ನಂತರ ಹುಂಜದ ಗರಿ ಬರುತ್ತದೆ. ಹೀಗೆ ಜುಟ್ಟು ವೃಷಣದ ಇರುವಿಕೆಯನ್ನು ತಿಳಿಸಿದರೆ ಗರಿ ಅಂಡಾಶಯ ಇದೆಯೋ ಇಲ್ಲವೋ ಎಂಬುದನ್ನು ತಿಳಿಸುತ್ತದೆ. ಎರಡೂ ಬೇರೆ ಬೇರೆ ಸಾಕ್ಷಿಗಳಾದ್ದರಿಂದ ಎರಡೂ ಒಂದನ್ನೇ ಹೇಳಿದಾಗ ನಂಬಿಕೆ ಬಲವಾಗುತ್ತದೆ.

ವಾರದಿಂದ ವಾರಕ್ಕೆ

ಮೊದಲ ಮೂರು ವಾರಗಳಲ್ಲಿ ಸಾಮಾನ್ಯ ಸಾಕಣೆದಾರರಿಗೆ ಸಿಗುವ ಸುಳಿವು ಕಡಿಮೆ. ದಪ್ಪ ಮೈಯ ತಳಿಗಳಲ್ಲಿ ಹೇಂಟೆಮರಿಗಳ ರೆಕ್ಕೆ, ಬಾಲ, ಭುಜಗಳಲ್ಲಿ ಗರಿ ಬೇಗ ಮೂಡುತ್ತದೆ. ಗಂಡುಮರಿಗಳ ಬೆನ್ನು, ಭುಜ ಇನ್ನೂ ತುಪ್ಪಳದಲ್ಲೋ ಬರಿದಾಗಿಯೋ ಇರುತ್ತದೆ. ಲೆಗ್‌ಹಾರ್ನ್‌ನಂಥ ಹಗುರ ತಳಿಗಳಲ್ಲಿ ಎರಡೂ ಬೇಗನೆ ಗರಿ ತುಂಬಿಕೊಳ್ಳುವುದರಿಂದ ಈ ಗುರುತು ಅಲ್ಲಿ ನಡೆಯದು. ಅದಕ್ಕೆ ಬದಲಾಗಿ ಲೆಗ್‌ಹಾರ್ನ್ ಗಂಡುಮರಿಯ ಜುಟ್ಟು ಮೂರು ನಾಲ್ಕು ವಾರಕ್ಕೇ ಎದ್ದು ಕಾಣುತ್ತದೆ.

ನಾಲ್ಕರಿಂದ ಎಂಟನೆಯ ವಾರದವರೆಗಿನದು ಜುಟ್ಟಿನ ಕಾಲ. ಗರಗಸದ ಹಲ್ಲಿನಂಥ ಒಂಟಿ ಜುಟ್ಟಿರುವ ಕೋಳಿಗಳಲ್ಲಿ ಇದನ್ನು ಗುರುತಿಸುವುದು ಸುಲಭ. ಗಂಡುಮರಿಯ ಜುಟ್ಟು ಬುಡದಲ್ಲಿ ದಪ್ಪಗಾಗಿ, ಹಲ್ಲುಗಳು ಬಿಡಿಸಿಕೊಂಡು, ಹಳದಿಯಿಂದ ನಸುಗೆಂಪಿಗೆ, ನಸುಗೆಂಪಿನಿಂದ ಕೆಂಪಿಗೆ ತಿರುಗುತ್ತದೆ. ಕೊಕ್ಕಿನ ಕೆಳಗೆ ಗಲ್ಲದ ಜೋಲುಗಳು ಇಳಿಯತೊಡಗುತ್ತವೆ. ಹೇಂಟೆಮರಿಯ ಜುಟ್ಟು ತೆಳ್ಳಗೆ, ಗಿಡ್ಡಗೆ, ಹಳದಿ ಛಾಯೆಯಲ್ಲೇ ನಿಂತಿರುತ್ತದೆ. ಇಲ್ಲಿ ಒಂಟಿ ಮರಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಹೆಚ್ಚೇನೂ ತಿಳಿಯದು. ಒಂದೇ ಕಾವಿನಲ್ಲಿ ಹುಟ್ಟಿದ ಮರಿಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಬೇಕು. ಆಗ ಅವು ತಾವಾಗಿ ಎರಡು ಗುಂಪಾಗಿ ಕಾಣುತ್ತವೆ. ಕೆಂಪು ಜುಟ್ಟಿನ ಗುಂಪಿನಲ್ಲಿ ಕಾಲುಗಳೂ ದಪ್ಪ, ಉದ್ದ. ಕತ್ತು ನೆಟ್ಟಗೆ, ಎದೆ ಮುಂದಕ್ಕೆ. ಹೇಂಟೆಮರಿಗಳ ಬೆನ್ನು ನೆಲಕ್ಕೆ ಸಮಾನಾಂತರವಾಗಿ, ಮೈ ಅಡಕವಾಗಿ ಇರುತ್ತದೆ.

ಜುಟ್ಟಿನ ಬಣ್ಣ ಆರೋಗ್ಯವನ್ನೂ ಅವಲಂಬಿಸಿದೆ. ಜಂತುಹುಳು, ರಕ್ತಭೇದಿ, ಉಣ್ಣೆಗಳಿಂದ ರಕ್ತಹೀನವಾದ ಗಂಡುಮರಿಯ ಜುಟ್ಟು ಹೇಂಟೆಯದರಂತೆ ಬಿಳಚಿಕೊಂಡಿರುತ್ತದೆ. ಸೊರಗಿದ ಮರಿಯ ಲಿಂಗ ಹೇಳುವ ಮುಂಚೆ ಅದಕ್ಕೆ ಮದ್ದು ಕೊಟ್ಟು ಕೆಲವು ವಾರ ಕಾಯುವುದು ಒಳ್ಳೆಯದು.

ಕಾಡುಕೋಳಿಯ ಬಣ್ಣವನ್ನು ಉಳಿಸಿಕೊಂಡ ನಾಟಿ ಕೋಳಿಗಳಲ್ಲಿ ಐದಾರು ವಾರದಿಂದ ಎದೆಯ ಗರಿಯೂ ನೆರವಿಗೆ ಬರುತ್ತದೆ. ಸಾಕುಕೋಳಿಯ ಮುಖ್ಯ ಮೂಲವಾದ ಕೆಂಪು ಕಾಡುಕೋಳಿಯಲ್ಲಿ ಗಂಡಿನ ಎದೆ ಕಪ್ಪು, ಹೆಣ್ಣಿನದು ಕಂದುಗೆಂಪು. ಈ ಬಣ್ಣದ ಮರಿಗಳ ಎದೆಯಲ್ಲಿ ಕಪ್ಪು ಗರಿಗಳು ಇಣುಕಿದರೆ ಅದು ಗಂಡು. ಇಂಥ ಮರಿಗಳು ಹುಟ್ಟುವಾಗ ಬೆನ್ನ ಮೇಲೆ ಅಳಿಲಿನಂತೆ ಪಟ್ಟೆ ಹೊತ್ತು ಬರುತ್ತವೆ. ಕಣ್ಣಿನಿಂದ ಹಿಂದಕ್ಕೆ ಸಾಗುವ ಗೆರೆ ಹೆಣ್ಣುಮರಿಗಳಲ್ಲಿ ಹೆಚ್ಚು ಸ್ಪಷ್ಟ. ಆದರೆ ನಮ್ಮ ಊರುಗಳ ನಾಟಿ ಕೋಳಿಗಳಲ್ಲಿ ಹತ್ತು ಬಗೆಯ ಬಣ್ಣಗಳು ಬೆರೆತಿರುವುದರಿಂದ ಹುಟ್ಟುಪಟ್ಟೆಯನ್ನು ನೆಚ್ಚಿ ಮರಿ ಕೊಳ್ಳಬಾರದು.

ಹತ್ತರಿಂದ ಹದಿನಾಲ್ಕನೆಯ ವಾರದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಗುರುತು ಮೂಡುತ್ತದೆ. ತುಪ್ಪಳ ಉದುರಿ ಬರುವ ಮೊದಲ ಗರಿಗಳು ಗಂಡು ಹೆಣ್ಣುಗಳಲ್ಲಿ ಬಹುಮಟ್ಟಿಗೆ ಒಂದೇ ಥರ. ಅವು ಉದುರಿ ಮುಂದಿನ ಗರಿ ಹುಟ್ಟುವಾಗ ವ್ಯತ್ಯಾಸ ಬರುತ್ತದೆ. ಬಾಲದ ಬುಡದ ಮುಂದೆ, ಸೊಂಟದ ಎರಡೂ ಪಕ್ಕಕ್ಕೆ ಇಳಿಬೀಳುವ ಗರಿಗಳನ್ನು ನೋಡಬೇಕು. ಹುಂಜದಲ್ಲಿ ಅವು ಕಿರಿದಾಗಿ, ಉದ್ದವಾಗಿ, ತುದಿ ಚೂಪಾಗಿ, ಹೊಳಪಿನಿಂದ ಕೂಡಿರುತ್ತವೆ. ಹೇಂಟೆಯಲ್ಲಿ ತುದಿ ದುಂಡಗೆ, ಹೊಳಪು ಕಡಿಮೆ. ಕತ್ತಿನ ಗರಿಯಲ್ಲೂ ಇದೇ ವ್ಯತ್ಯಾಸವಿದ್ದರೂ ಹೇಂಟೆಯ ಕತ್ತಿನ ಗರಿಯೂ ಸ್ವಲ್ಪ ಚೂಪಾಗಿರುವುದರಿಂದ ಅಲ್ಲಿ ಕಣ್ಣು ತಪ್ಪುತ್ತದೆ. ಸೊಂಟದ ಒಂದು ಚೂಪು ಗರಿ ಕಂಡರೂ ಸಾಕು, ಆ ಮರಿ ಹುಂಜವೆಂದು ಹೆಚ್ಚುಕಡಿಮೆ ಖಚಿತ. ಜುಟ್ಟು ನೋಡಿ ಅನುಮಾನದಲ್ಲಿರುವವರು, ಮಾರುವ ಇಲ್ಲವೇ ಕೊಯ್ಯುವ ಅವಸರವಿಲ್ಲದಿದ್ದರೆ, ಈ ಗರಿ ಬರುವವರೆಗೆ ತಡೆಯುವುದೇ ಮೇಲು. ಬಾಲದಲ್ಲಿ ಕುಡುಗೋಲಿನಂತೆ ಬಾಗುವ ಉದ್ದ ಗರಿಗಳು ಬರುವುದು ಇದಾದ ಮೇಲೆ.

ಕೂಗಿನ ಕಾಲ ಹುಂಜದಿಂದ ಹುಂಜಕ್ಕೆ ಬೇರೆ. ಎರಡು ತಿಂಗಳಿಗೇ ಗಂಟಲು ಕಟ್ಟಿದಂತೆ ಕೂಗಲು ತೊಡಗುವುವು ಇವೆ, ಐದು ತಿಂಗಳವರೆಗೆ ಸುಮ್ಮನಿರುವುವೂ ಇವೆ. ಮನೆಯಲ್ಲಿ ದೊಡ್ಡ ಹುಂಜವಿದ್ದರೆ ಅದರ ಅಧಿಕಾರಕ್ಕೆ ಒಳಪಟ್ಟ ಎಳೆಯ ಹುಂಜಗಳು ತಡವಾಗಿ ಕೂಗುವುದು ಸಾಮಾನ್ಯ. ಎದೆಯುಬ್ಬಿಸಿ ಎದುರುಬದುರು ನಿಂತು ಹಾರುವ ಆಟವನ್ನು ಗಂಡುಮರಿಗಳ ಹಾಗೆ ಹೇಂಟೆಮರಿಗಳೂ ಆಡುತ್ತವೆ. ಅದರಿಂದ ಏನನ್ನೂ ತೀರ್ಮಾನಿಸಲಾಗದು. ಕಾಲಿನ ಮುಳ್ಳೂ ಅಷ್ಟೇ. ಮುಳ್ಳಿನ ಮೊಗ್ಗು ಎರಡಕ್ಕೂ ಇರುತ್ತದೆ, ಹುಂಜದಲ್ಲಿ ಅದು ಉದ್ದವಾಗಲು ತಿಂಗಳುಗಳು ಬೇಕು. ವಯಸ್ಸಾದ ಹೇಂಟೆಗಳ ಕಾಲಲ್ಲೂ ಮುಳ್ಳು ಕಾಣುವುದುಂಟು.

ಹದಿನಾರನೆಯ ವಾರದ ನಂತರ ಹೇಂಟೆಯ ಸರದಿ. ಮೊಟ್ಟೆಗೆ ಬರುವ ಹೇಂಟೆಯ ಜುಟ್ಟು, ಗಲ್ಲದ ಜೋಲುಗಳು ಕೆಲವೇ ದಿನಗಳಲ್ಲಿ ಹಿಗ್ಗಿ ಕೆಂಪೇರುತ್ತವೆ. ಇಷ್ಟು ದಿನ ಹೇಂಟೆಯೆಂದುಕೊಂಡದ್ದು ಹುಂಜವಾಯಿತೇ ಎಂದು ಹೊಸಬರು ಗಾಬರಿಪಡುವುದು ಈ ಹಂತದಲ್ಲಿ. ಆಗ ಸೊಂಟದ ಗರಿ ನೋಡಿದರೆ ಅನುಮಾನ ಹೋಗುತ್ತದೆ. ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ಸಡಿಲಿಸಿ ಕುಕ್ಕರಿಸುವುದು, ಗೂಡು ಗೋಣಿಚೀಲಗಳ ಸಂದಿ ಹುಡುಕುತ್ತ ಕೊಕ್ಕರಿಸುವುದು ಮೊಟ್ಟೆ ಹತ್ತಿರವಾದುದರ ಸೂಚನೆಗಳು. ಗುದದ್ವಾರದ ಇಬ್ಬದಿಯ ಚೂಪಾದ ಎಲುಬುಗಳ ನಡುವೆ ಎಳೆಯ ಹೇಂಟೆಯಲ್ಲಿ ಒಂದು ಬೆರಳು ಹಿಡಿಯುವಷ್ಟೂ ಎಡೆಯಿರದು. ಮೊಟ್ಟೆಯಿಡುವ ಹೇಂಟೆಯಲ್ಲಿ ಎರಡು ಮೂರು ಬೆರಳು ಹಿಡಿಯುತ್ತವೆ.

ಸುಲಭಕ್ಕೆ ಸಿಗದ ತಳಿಗಳು

ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಡಕ್‌ನಾಥ್ ಈಗ ಕರ್ನಾಟಕದ ಹಲವು ಮನೆಗಳಲ್ಲೂ ಇದೆ. ಅದರ ಚರ್ಮ, ಮಾಂಸ, ಜುಟ್ಟು ಎಲ್ಲದರಲ್ಲೂ ಕಪ್ಪು ವರ್ಣದ್ರವ್ಯ ತುಂಬಿರುವುದರಿಂದ ಕೆಂಪೇರುವ ಲಕ್ಷಣ ಅಲ್ಲಿ ಮಸುಕಾಗುತ್ತದೆ. ಜುಟ್ಟಿನ ಬಣ್ಣ ಬಿಟ್ಟು ಗಾತ್ರವನ್ನು, ಆಮೇಲೆ ಸೊಂಟದ ಗರಿಯನ್ನು ನೋಡಬೇಕು. ಅಸೀಲ್ ತಳಿಯದು ತಲೆಗೆ ಅಂಟಿಕೊಂಡ ಗಿಡ್ಡ ಜುಟ್ಟು. ಗಲ್ಲದ ಜೋಲುಗಳು ಇಲ್ಲವೆನ್ನುವಷ್ಟು ಚಿಕ್ಕವು. ಅದರ ಹೇಂಟೆಮರಿಗಳೂ ನೆಟ್ಟಗೆ ನಿಲ್ಲುತ್ತವೆ, ಜಗಳವಾಡುತ್ತವೆ. ಹೀಗಾಗಿ ಜುಟ್ಟು, ನಿಲುವು, ನಡತೆ ಮೂರೂ ಅಲ್ಲಿ ಮೋಸ ಮಾಡುತ್ತವೆ. ಜುಟ್ಟಿನ ಅಗಲ, ಕಾಲೆಲುಬಿನ ದಪ್ಪಗಳನ್ನು ಜೊತೆಮರಿಗಳೊಂದಿಗೆ ಹೋಲಿಸಿ ತಾಳ್ಮೆಯಿಂದ ಕಾಯಬೇಕು.

ರೇಷ್ಮೆಯಂಥ ಗರಿಯ ಸಿಲ್ಕಿ ಕೋಳಿ ಎಲ್ಲಕ್ಕಿಂತ ಕಷ್ಟ. ಅದರ ಗರಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳದ ಕಾರಣ ಸೊಂಟದ ಗರಿಯ ಆಕಾರವೇ ಕಾಣುವುದಿಲ್ಲ. ಕೂಗು ಅಥವಾ ಮೊಟ್ಟೆ ಬರುವವರೆಗೆ ಅನುಭವಿಗಳೂ ಖಚಿತವಾಗಿ ಹೇಳಲಾರರು. ಇಂಗ್ಲೆಂಡಿನ ಸೀಬ್ರೈಟ್ ಎಂಬ ಕುಳ್ಳ ತಳಿಯ ಹುಂಜಕ್ಕೆ ಬೆಳೆದ ಮೇಲೂ ಹೇಂಟೆಯ ಗರಿಯೇ. ಅದರ ಚರ್ಮದಲ್ಲಿ ಗಂಡು ಹಾರ್ಮೋನು ಈಸ್ಟ್ರೋಜೆನ್ ಆಗಿ ಮಾರ್ಪಡುವುದು ಇದಕ್ಕೆ ಕಾರಣ. ಗರಿಯ ಆಕಾರವನ್ನು ಈಸ್ಟ್ರೋಜೆನ್ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಮಾಂಸಕ್ಕೆ ಸಾಕುವ ಬ್ರಾಯ್ಲರ್‌ಗಳು ಐದಾರು ವಾರಕ್ಕೇ ಮಾರಾಟವಾಗುತ್ತವೆ. ಗಂಡುಗಳು ಹೆಚ್ಚು ತೂಗುತ್ತವೆ, ಅವುಗಳ ಜುಟ್ಟೂ ಆ ಹೊತ್ತಿಗೆ ಕಾಣುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗಾಗಿ ಬೆಳೆಸಿದ ಗಿರಿರಾಜ ಕೋಳಿಯಲ್ಲಿ ಮೈಬಣ್ಣ ಹಲವು ಬಗೆಯದಾದ್ದರಿಂದ ಬಣ್ಣ ಬಿಟ್ಟು ಜುಟ್ಟು, ಕಾಲು, ಸೊಂಟದ ಗರಿಗಳನ್ನೇ ಆಶ್ರಯಿಸಬೇಕು.

ಒಂದು ದಿನದ ಮರಿ

ಸಾವಿರಾರು ಮರಿ ಮಾಡುವ ಹ್ಯಾಚರಿಗಳಿಗೆ ಹತ್ತು ವಾರ ಕಾಯಲು ಆಗದು. ಮೊಟ್ಟೆಕೋಳಿ ಉದ್ಯಮಕ್ಕೆ ಹೇಂಟೆಮರಿಗಳು ಮಾತ್ರ ಬೇಕು, ಅದೂ ಹುಟ್ಟಿದ ದಿನವೇ. ಇದಕ್ಕೆ ಮೊದಲು ದಾರಿ ತೋರಿಸಿದವರು ಜಪಾನೀಯರು. ಕಿಯೋಶಿ ಮಸುಯಿ ಮತ್ತು ಸಂಗಡಿಗರು 1920ರ ದಶಕದಲ್ಲಿ ಮರಿಯ ಗುದದ್ವಾರವನ್ನು ಮೆಲ್ಲಗೆ ಬಿಡಿಸಿ ಒಳಗಿನ ಸಾಸಿವೆಗಿಂತ ಚಿಕ್ಕ ಉಬ್ಬನ್ನು ನೋಡುವ ವಿಧಾನ ರೂಪಿಸಿದರು. ಉಬ್ಬು ದುಂಡಗೆ, ಗಟ್ಟಿಯಾಗಿ, ಹೊಳೆಯುತ್ತಿದ್ದರೆ ಗಂಡು. ಚಪ್ಪಟೆಯಾಗಿದ್ದರೆ ಅಥವಾ ಇಲ್ಲದಿದ್ದರೆ ಹೆಣ್ಣು. ನಡುವಿನ ರೂಪಗಳು ಹಲವಿರುವುದರಿಂದ ಇದನ್ನು ಕಲಿಯಲು ದೀರ್ಘ ಅಭ್ಯಾಸ ಬೇಕು. 1930ರ ದಶಕದಲ್ಲಿ ಜಪಾನಿನ ಪರಿಣತರು ಅಮೆರಿಕ, ಆಸ್ಟ್ರೇಲಿಯಗಳ ಹ್ಯಾಚರಿಗಳಿಗೆ ಹೋಗಿ ದುಡಿದರು, ಕಲಿಸಿದರು. ಪಳಗಿದ ಕೈ ಗಂಟೆಗೆ ಸಾವಿರದಷ್ಟು ಮರಿಗಳನ್ನು ವಿಂಗಡಿಸುತ್ತದೆ, ತಪ್ಪು ನೂರಕ್ಕೆ ಒಂದೆರಡು. ಅಮೆರಿಕದ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕೌಶಲದ ಗುಟ್ಟನ್ನು ಸ್ವಲ್ಪ ಬಿಡಿಸಿತು: ಎಲ್ಲಿ ನೋಡಬೇಕು, ಯಾವ ಆಕಾರ ಹುಡುಕಬೇಕು ಎಂದು ಚಿಕ್ಕ ಚೀಟಿಯಲ್ಲಿ ತಿಳಿಸಿದ ಮೇಲೆ ಹೊಸಬರೂ ಚಿತ್ರಗಳಲ್ಲಿನ ಮರಿಗಳನ್ನು ಬಹಳಷ್ಟು ಸರಿಯಾಗಿ ಗುರುತಿಸಿದರು. ಆದರೆ ಜೀವಂತ ಮರಿಯ ಎಳೆಯ ಕರುಳಿಗೆ ನೋವಾಗದಂತೆ ಹಿಡಿಯುವುದು ಚೀಟಿಯಿಂದ ಬರುವ ವಿದ್ಯೆಯಲ್ಲ. ಮನೆಯಲ್ಲಿ ಇದನ್ನು ಪ್ರಯತ್ನಿಸಬಾರದು.

ಇನ್ನೊಂದು ದಾರಿ ತಳಿಶಾಸ್ತ್ರದ್ದು. ಹೇಂಟೆಯ ಏಕೈಕ ಜೆಡ್ ವರ್ಣತಂತು ಅದರ ಗಂಡುಮಕ್ಕಳಿಗೆ ಮಾತ್ರ ಹೋಗುತ್ತದೆ. ಆದ್ದರಿಂದ ಜೆಡ್‌ನಲ್ಲಿರುವ ಕಣ್ಣಿಗೆ ಕಾಣುವ ಗುಣವೊಂದು ತಾಯಿಯಲ್ಲಿದ್ದು ತಂದೆಯಲ್ಲಿ ಇಲ್ಲದಂತೆ ಜೋಡಿ ಮಾಡಿದರೆ ಗಂಡು ಹೆಣ್ಣುಮರಿಗಳು ಹುಟ್ಟುತ್ತಲೇ ಬೇರೆಯಾಗಿ ಕಾಣುತ್ತವೆ. ರೋಡ್ ಐಲೆಂಡ್ ರೆಡ್ ಹುಂಜವನ್ನು ಲೈಟ್ ಸಸೆಕ್ಸ್ ಹೇಂಟೆಯೊಂದಿಗೆ ಕೂಡಿಸಿದಾಗ ಹೆಣ್ಣುಮರಿ ಹೊಂಬಣ್ಣದ್ದು, ಗಂಡುಮರಿ ತಿಳಿಹಳದಿಯದು. ಅದೇ ಹುಂಜವನ್ನು ಪಟ್ಟೆಗರಿಯ ಪ್ಲಿಮತ್ ರಾಕ್ ಹೇಂಟೆಯೊಂದಿಗೆ ಕೂಡಿಸಿದರೆ ಕಪ್ಪು ಮರಿಗಳಲ್ಲಿ ಗಂಡಿನ ನೆತ್ತಿಯ ಮೇಲೆ ಬಿಳಿ ಮಚ್ಚೆ. ಕೇಂಬ್ರಿಜ್‌ನ ರೆಜಿನಾಲ್ಡ್ ಪನೆಟ್ ಮತ್ತು ಮೈಕೆಲ್ ಪೀಸ್ ಈ ಪಟ್ಟೆ ಜೀನನ್ನೇ ಬಳಸಿ, ಪ್ರತಿ ಪೀಳಿಗೆಯಲ್ಲೂ ಮರಿಗಳು ಗುರುತು ಹೊತ್ತು ಹುಟ್ಟುವ ಲೆಗ್‌ಬಾರ್‌ನಂಥ ತಳಿಗಳನ್ನು ರೂಪಿಸಿದರು. ಬಣ್ಣದ ಜೋಡಿತಳಿಗಳ ಗುರುತಾದರೋ ಒಂದೇ ಪೀಳಿಗೆಗೆ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮುಂದಿನ ಮರಿಗಳಲ್ಲಿ ಅದು ಕೆಡುತ್ತದೆ.

ರೆಕ್ಕೆಗರಿಯಿಂದ ಗುರುತಿಸುವುದೂ ಇದೇ ತತ್ತ್ವ. ಗರಿ ತಡವಾಗಿ ಬೆಳೆಸುವ ಜೀನು ತಾಯಿಯಿಂದ ಬಂದರೆ ಗಂಡುಮರಿಗಳ ರೆಕ್ಕೆಯಲ್ಲಿ ಉದ್ದಗರಿ, ಅದರ ಮೇಲಿನ ಹೊದಿಕೆಗರಿ ಎರಡೂ ಸಮನಾಗಿರುತ್ತವೆ, ಹೆಣ್ಣುಮರಿಗಳಲ್ಲಿ ಉದ್ದಗರಿ ಎದ್ದು ಕಾಣುತ್ತದೆ. ಹುಟ್ಟಿದ ಒಂದೆರಡು ದಿನದೊಳಗೆ ನೋಡಬೇಕು, ಆಮೇಲೆ ವ್ಯತ್ಯಾಸ ಅಳಿಸಿಹೋಗುತ್ತದೆ. ಇದಕ್ಕೆಂದೇ ಜೋಡಿ ಮಾಡಿದ ತಳಿಗಳಲ್ಲಿ ಮಾತ್ರ ಇದು ಸಲ್ಲುತ್ತದೆ. ನಾಟಿ ಮರಿಯ ರೆಕ್ಕೆ ಬಿಡಿಸಿ ತೋರಿಸಿ ಹೇಂಟೆಯೆಂದು ಮಾರುವವರ ಮಾತಿಗೆ ಆಧಾರವಿಲ್ಲ.

ಗಂಡುಮರಿಗಳ ಪಾಡು

ವಿಂಗಡಣೆ ನಿಖರವಾದಷ್ಟೂ ಮೊಟ್ಟೆಕೋಳಿ ತಳಿಗಳ ಗಂಡುಮರಿಗಳ ಬಾಳು ಮೊದಲ ದಿನವೇ ಮುಗಿಯತೊಡಗಿತು. ಅವು ಮೊಟ್ಟೆಯಿಡವು, ಮಾಂಸಕ್ಕೂ ಬೇಗ ಬೆಳೆಯವು. ಲೋಕದಲ್ಲೆಲ್ಲ ಅವನ್ನು ಹುಟ್ಟಿದ ಕೂಡಲೇ ಕೊಲ್ಲುವ ಪದ್ಧತಿ ಬೆಳೆಯಿತು. ನಮ್ಮ ಪೇಟೆಬೀದಿಗಳಲ್ಲಿ, ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುವ ಮರಿಗಳಲ್ಲಿ ಬಹುಪಾಲು ಹೀಗೆ ಬೇಡವಾದ ಗಂಡುಮರಿಗಳೇ. ತಾಯಿಯ ಬಿಸಿಯಿಲ್ಲದೆ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ಎಳೆಜೀವಕ್ಕೆ ಬಣ್ಣ ಬಳಿದು ಆಟಿಕೆಯಾಗಿಸುವ ಈ ವ್ಯಾಪಾರವನ್ನು ಕೊಳ್ಳದೆ ಇರುವುದರಿಂದಲೇ ನಿಲ್ಲಿಸಬಹುದು.

ಜರ್ಮನಿ 2022ರ ಜನವರಿ 1ರಿಂದ ಈ ಕೊಲೆಯನ್ನು ನಿಷೇಧಿಸಿತು. ಅಲ್ಲೀಗ ಕಾವಿನಲ್ಲಿರುವ ಮೊಟ್ಟೆಯಿಂದ ಒಂದು ಹನಿ ದ್ರವ ತೆಗೆದು ಹಾರ್ಮೋನನ್ನೋ ವರ್ಣತಂತುವನ್ನೋ ಪರೀಕ್ಷಿಸುವ, ಅಥವಾ ಚಿಪ್ಪಿನ ಮೂಲಕ ಬೆಳಕು ಹಾಯಿಸಿ ಭ್ರೂಣದ ಗರಿಯ ಬಣ್ಣ ಓದುವ ಯಂತ್ರಗಳು ಬಳಕೆಗೆ ಬಂದಿವೆ.

ನಂಬಿಕೆಗಳು

ಚೂಪು ತುದಿಯ ಮೊಟ್ಟೆ ಹುಂಜವಾಗುತ್ತದೆ, ದುಂಡು ಮೊಟ್ಟೆ ಹೇಂಟೆಯಾಗುತ್ತದೆ ಎಂಬ ಮಾತು ಹಲವೆಡೆ ಇದೆ. ಮೊಟ್ಟೆಯ ಆಕಾರದಿಂದ ಲಿಂಗ ತಿಳಿಯುತ್ತದೆಂದು ಗ್ರೀಸಿನ ಅರಿಸ್ಟಾಟಲ್ ಕೂಡ ಬರೆದ. ಆಕಾರ ಅಂಡನಾಳದಲ್ಲಿ ರೂಪುಗೊಳ್ಳುತ್ತದೆ, ಲಿಂಗ ಅದಕ್ಕೂ ಮುಂಚೆ ಅಂಡಾಶಯದಲ್ಲಿ ತೀರ್ಮಾನವಾಗಿರುತ್ತದೆ; ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ದಾರಕ್ಕೆ ಕಟ್ಟಿದ ಸೂಜಿ ಸುತ್ತುವುದನ್ನು ನೋಡುವುದು, ಮರಿಯನ್ನು ತಲೆಕೆಳಗೆ ಹಿಡಿದು ಒದ್ದಾಟ ನೋಡುವುದು ಕೂಡ ಇದೇ ಸಾಲಿನವು. ಅರ್ಧ ಮರಿಗಳು ಹೇಗೂ ಗಂಡಾಗುವುದರಿಂದ ಇಂಥ ಪರೀಕ್ಷೆಗಳು ಅರ್ಧದಷ್ಟು ಸಲ ಸರಿಬೀಳುತ್ತವೆ, ನಂಬಿಕೆ ಉಳಿದುಬರುತ್ತದೆ.

ಕೂಗುವ ಹೇಂಟೆ

ಬಲಿತ ಹೇಂಟೆಯೊಂದು ಹುಂಜದಂತೆ ಕೂಗಿದರೆ ಅಪಶಕುನವೆಂದು ಅದನ್ನು ಕೊಯ್ದುಹಾಕುವುದುಂಟು. ಹುಂಜವಿಲ್ಲದ ಹಿಂಡಿನಲ್ಲಿ ಗಟ್ಟಿಗಿತ್ತಿ ಹೇಂಟೆ ಕೂಗುವುದು ಅಪರೂಪವಲ್ಲ. ಅಂಥದ್ದು ಮೊಟ್ಟೆಯನ್ನೂ ಇಡುತ್ತಿರುತ್ತದೆ. ಕೆಲವೊಮ್ಮೆ ಕಾರಣ ಇನ್ನೂ ಆಳದ್ದು. ಗಂತಿಯಿಂದಲೋ ರೋಗದಿಂದಲೋ ಎಡಗಡೆಯ ಅಂಡಾಶಯ ನಾಶವಾದರೆ ಈಸ್ಟ್ರೋಜೆನ್ ನಿಲ್ಲುತ್ತದೆ. ಭ್ರೂಣದಲ್ಲೇ ಮುರುಟಿ ಉಳಿದಿದ್ದ ಬಲಗಡೆಯ ಗ್ರಂಥಿ ಬೆಳೆಯತೊಡಗಿ ವೃಷಣದಂತೆ ಗಂಡು ಹಾರ್ಮೋನು ಸ್ರವಿಸಬಹುದು. ಆಗ ಜುಟ್ಟು ಹಿಗ್ಗುತ್ತದೆ, ಮುಳ್ಳು ಬೆಳೆಯುತ್ತದೆ, ಗರಿ ಉದುರಿ ಹುಂಜದ ಗರಿ ಬರುತ್ತದೆ. ವರ್ಣತಂತುಗಳು ಮಾತ್ರ ಮೊದಲಿನಂತೆ ಹೆಣ್ಣಿನವೇ. ಎಡಿನ್‌ಬರೋದ ಎಫ್. ಎ. ಇ. ಕ್ರೂ 1923ರಲ್ಲಿ ವರದಿ ಮಾಡಿದ ಹೇಂಟೆಯೊಂದು ಮೊಟ್ಟೆಯಿಟ್ಟು ಮರಿ ಮಾಡಿದ ಮೇಲೆ ಹೀಗೆ ಬದಲಾಗಿ ಹುಂಜದಂತೆ ಮರಿಗಳಿಗೆ ತಂದೆಯೂ ಆಯಿತು. ಸತ್ತ ಮೇಲೆ ಕೊಯ್ದು ನೋಡಿದಾಗ ಅದರ ಅಂಡಾಶಯ ಕ್ಷಯದಿಂದ ಹಾಳಾಗಿತ್ತು.